ನೆರವೋ, ಹಂಗೋ?

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆಮಠಗಳು ಮಣ್ಣುಪಾಲಾದಾಗ ನಮ್ಮ ಕಡೆಯ ಯುವಕರು ಸುಮ್ಮನೆ ಕೂರಲಿಲ್ಲ. ಮಂಡ್ಯದವರು ಒಂದು ಲಾರಿ, ಮದ್ದೂರಿನವರು ಒಂದು, ಮಳವಳ್ಳಿಯವರು ಮತ್ತೊಂದು ಎಂದು ಒಂದೇ ವಾರದಲ್ಲಿ ಮೂರು ಲಾರಿಗಳು ತುಂಬಿದವು. ಶುಕ್ರವಾರದ ನಮಾಝ್ ಮುಗಿದ ಮೇಲೆ ಚಾದರ ಹಾಸಿದರೆ ಸಾಕು, ನೂರರ ನೋಟುಗಳು ಬೀಳುತ್ತಿದ್ದವು. ಬೇರೆ ಬೇರೆ ಕೋಮಿನ ಅಂಗಡಿಯವರು ಅಕ್ಕಿ ಮೂಟೆ ತಂದು ಹಾಕಿದರು. ಜಗಳವಾದದ್ದು ಒಂದೇ ವಿಷಯಕ್ಕೆ: ಬ್ಯಾನರಿನಲ್ಲಿ ಯಾವ ಊರಿನ ಹೆಸರು ಮೊದಲು ಬರಬೇಕು? ಇದು ಬಗೆಹರಿಯದೆ ಕೊನೆಗೆ ಮೂರು ಲಾರಿಗೂ ಮೂರು ಬ್ಯಾನರುಗಳಾದವು. ನಾವೂ ಆ ಗುಂಪಿನಲ್ಲೇ ಇದ್ದೆವು. ಮಳವಳ್ಳಿ ಲಾರಿಯ ಬ್ಯಾನರಿನ ಅಕ್ಷರಗಳನ್ನು ತಿದ್ದಿಕೊಟ್ಟವರು ನಾವೇ. ಕತೆ ಬರೆಯುವವರಿಗೆ ಇಂಥ ಕೆಲಸಗಳು ತಾವಾಗಿಯೇ ಬಂದು ಬೀಳುತ್ತವೆ.

ಮೂರು ಲಾರಿಗಳೂ ಒಂದೇ ಮಧ್ಯಾಹ್ನ ಕುಶಾಲನಗರದ ಕಡೆಯ ಒಂದೇ ಶಿಬಿರದ ಮುಂದೆ ಹೋಗಿ ನಿಂತವು. ಮೂರರಲ್ಲೂ ಇದ್ದದ್ದು ಅದೇ ಅಕ್ಕಿ, ಅದೇ ಬಿಸ್ಕತ್ತು, ಅದೇ ಹಳೆಯ ಸೀರೆಗಳು. ಶಿಬಿರದಲ್ಲಿ ಆಗಲೇ ಒಂದು ಕೋಣೆ ತುಂಬ ಬಟ್ಟೆ ಬಿದ್ದಿತ್ತು. ಉಸ್ತುವಾರಿ ವಹಿಸಿದ್ದ ಹುಡುಗ ದಣಿದಿದ್ದ. ‘ಜಗಲಿ ಮೇಲೆ ಹಾಕಿಬಿಡಿ ಸಾರ್’ ಎಂದು ಕೈ ತೋರಿಸಿ ಹೊರಟುಹೋದ. ನಾವು ಹಾಕಿದೆವು. ಫೋಟೋ ತೆಗೆಸಿಕೊಂಡೆವು.

ಅಷ್ಟರಲ್ಲಿ ನಮ್ಮ ಮನೆಯವರು ಒಳಗೆ ಹೆಂಗಸರಿದ್ದ ಕಡೆ ಹೋಗಿದ್ದರು. ಅಲ್ಲಿ ಕಾಫಿ ತೋಟದ ಕೂಲಿ ಹೆಂಗಸೊಬ್ಬರು ಸಿಕ್ಕರಂತೆ. ವಯಸ್ಸು ಎಪ್ಪತ್ತರ ಮೇಲೆ. ಮೂಲ ಊರು ಮಳವಳ್ಳಿಯ ಕಡೆಯೇ, ಚಿಕ್ಕವರಿದ್ದಾಗಲೇ ತೋಟಕ್ಕೆ ಬಂದವರು. ಊರಿನವರು ಬಂದಿದ್ದಾರೆಂದು ಕೇಳಿ ಖುಷಿಪಟ್ಟು, ಆಮೇಲೆ ಹೀಗೆ ಹೇಳಿದರಂತೆ: ‘ಅಲ್ಲ ಕಣವ್ವ, ಲಾರಿ ತುಂಬೋಕ್ ಮುಂಚೆ ಒಂದ್ ಮಾತು ಕೇಳ್ಬಾರ್ದಿತ್ತಾ? ಇಷ್ಟೊಂದ್ ಸೀರೆ ಉಟ್ಕೊಂಡು ನಾನೆಲ್ಲಿಗೋಗ್ಲಿ? ನನ್ ಕಾಗ್ದ ಪತ್ರ ಎಲ್ಲಾ ಮಣ್ಣಿಗೋಗದೆ. ರೇಸನ್ ಕಾರ್ಡಿಲ್ಲ, ಆಧಾರಿಲ್ಲ. ಮನೆ ಕೊಡ್ತೀವಿ ಅನ್ನೋರು ಮೊದ್ಲು ಅದ್ನೇ ಕೇಳ್ತಾವ್ರೆ. ಅದ ಮಾಡಿಸ್ಕೊಡೋರ್ ಒಬ್ರೂ ಬರ್ನಿಲ್ಲ.’

ವಾಪಸು ಬರುವಾಗ ಹುಣಸೂರು ದಾಟುವವರೆಗೂ ನಮ್ಮ ಮನೆಯವರು ಮಾತಾಡಲಿಲ್ಲ. ಆ ಮುದುಕಿಯ ಮಾತು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಕೊಡುವುದು ಒಳ್ಳೆಯದು ಎಂಬುದನ್ನು ಯಾವ ಧರ್ಮವೂ ಅಲ್ಲಗಳೆಯುವುದಿಲ್ಲ. ಆದರೆ ಏನು ಕೊಡಬೇಕು, ಯಾವಾಗ, ಯಾರ ಕೈಯಿಂದ ಎಂದು ತೀರ್ಮಾನಿಸುವ ಹಕ್ಕು ಯಾರದು? ಕೊಡುವವನದೋ, ಪಡೆಯುವವನದೋ?

ಮೂರು ತಾಲೂಕುಗಳ ಮೂರು ಲಾರಿಗಳ ಅವಸ್ಥೆಯೇ ಇದಾದರೆ, ಯುದ್ಧದಿಂದ ನೆಲಕಚ್ಚಿದ ಒಂದು ದೇಶವನ್ನು ಎತ್ತಿ ನಿಲ್ಲಿಸಲು ಹತ್ತಾರು ದೇಶಗಳು ಒಟ್ಟಿಗೆ ಹೊರಟರೆ ಏನಾಗಬಹುದು? ಇದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ನಮ್ಮ ಕಣ್ಣೆದುರಿಗೇ ಆಫ್ಘಾನಿಸ್ತಾನವಿದೆ.

2001ರ ಡಿಸೆಂಬರ್ 5ರಂದು ಜರ್ಮನಿಯ ಬಾನ್ ನಗರದ ಬಳಿ ಆಫ್ಘನ್ ಗುಂಪುಗಳು ಒಪ್ಪಂದಕ್ಕೆ ಸಹಿ ಹಾಕಿದವು. ಮುಂದಿನ ತಿಂಗಳೇ ಟೋಕಿಯೋದಲ್ಲಿ ದಾನಿ ದೇಶಗಳ ಸಭೆ. ಜಪಾನ್, ಅಮೆರಿಕ, ಯುರೋಪಿಯನ್ ಒಕ್ಕೂಟ, ಸೌದಿ ಅರೇಬಿಯಾ ಜೊತೆಯಾಗಿ ಅಧ್ಯಕ್ಷತೆ ವಹಿಸಿದ್ದ ಆ ಸಭೆಯಲ್ಲಿ ಸುಮಾರು 450 ಕೋಟಿ ಡಾಲರ್‌ಗಳ ವಾಗ್ದಾನವಾಯಿತು. ಆಮೇಲೆ 2006ರಲ್ಲಿ ಲಂಡನ್, 2008ರಲ್ಲಿ ಪ್ಯಾರಿಸ್, 2012ರಲ್ಲಿ ಮತ್ತೆ ಟೋಕಿಯೋ. ಕೆಲಸವನ್ನು ಹಂಚಿಕೊಂಡ ಬಗೆಯನ್ನು ಓದುಗರು ಗಮನಿಸಬೇಕು. 2002ರಲ್ಲಿ ಸೈನ್ಯ ಕಟ್ಟುವ ಕೆಲಸವನ್ನು ಅಮೆರಿಕ ತೆಗೆದುಕೊಂಡಿತು. ಪೊಲೀಸ್ ಜರ್ಮನಿಗೆ, ನ್ಯಾಯಾಂಗ ಇಟಲಿಗೆ, ಅಫೀಮು ತಡೆಯುವುದು ಬ್ರಿಟನ್ನಿಗೆ, ಹೋರಾಟಗಾರರಿಂದ ಆಯುಧ ಕೆಳಗಿಡಿಸುವುದು ಜಪಾನಿಗೆ. ತೀರಿಹೋದವರ ಜಮೀನನ್ನು ಅಣ್ಣತಮ್ಮಂದಿರು ಭಾಗ ಮಾಡಿಕೊಂಡಂತೆ! ಒಬ್ಬೊಬ್ಬರದೂ ಒಳ್ಳೆಯ ಉದ್ದೇಶವೇ ಇರಬಹುದು. ಆದರೆ ಪೊಲೀಸರು ಹಿಡಿದ ಕಳ್ಳನನ್ನು ನ್ಯಾಯಾಲಯಕ್ಕೇ ತರಬೇಕಲ್ಲವೆ? ಪೊಲೀಸರನ್ನು ಒಂದು ದೇಶ ತನ್ನ ಪದ್ಧತಿಯಂತೆ ತರಬೇತಿ ಮಾಡಿ, ನ್ಯಾಯಾಲಯವನ್ನು ಮತ್ತೊಂದು ದೇಶ ತನ್ನ ಪದ್ಧತಿಯಂತೆ ಕಟ್ಟಿದರೆ ಎರಡೂ ಎಲ್ಲಿ ಸೇರಬೇಕು? 2004ರ ತಾತ್ಕಾಲಿಕ ಅಪರಾಧ ಪ್ರಕ್ರಿಯಾ ಸಂಹಿತೆಯ ಕರಡನ್ನು ಹೆಚ್ಚಾಗಿ ಇಟಲಿಯ ತಜ್ಞರೇ ಬರೆದರು. ಅದರಂತೆ ತೀರ್ಪು ಕೊಡಬೇಕಾದವರು ಮಾತ್ರ ಆಫ್ಘನ್ ನ್ಯಾಯಾಧೀಶರು.

ಇವನ್ನೆಲ್ಲ ಒಂದು ಹಿಡಿತಕ್ಕೆ ತರಲೆಂದು 2006ರಲ್ಲಿ ಆಫ್ಘನ್ ಸರ್ಕಾರ ಮತ್ತು ವಿಶ್ವಸಂಸ್ಥೆ ಸೇರಿ ನಡೆಸುವ ಸಮನ್ವಯ ಮಂಡಳಿಯೊಂದನ್ನು ಮಾಡಿದರು. ಆದರೆ ಹಣ ಆ ಮೇಜಿನ ಮೇಲೆ ಬಂದರಲ್ಲವೆ ಅದನ್ನು ಸಮನ್ವಯ ಮಾಡುವುದು? ಅಲ್ಲಿ ಕೆಲಸ ಮಾಡುತ್ತಿದ್ದ ನೆರವು ಸಂಸ್ಥೆಗಳ ಒಕ್ಕೂಟವೇ 2008ರಲ್ಲಿ ವರದಿಯೊಂದನ್ನು ಹೊರತಂದಿತು. ಅದರ ಪ್ರಕಾರ ನೆರವಿನ ಸುಮಾರು ಮೂರನೇ ಎರಡು ಪಾಲು ಆಫ್ಘನ್ ಸರ್ಕಾರದ ಕೈಗೆ ಬಾರದೆ ಪಕ್ಕದಿಂದಲೇ ಹರಿದುಹೋಗುತ್ತಿತ್ತು. ಒಟ್ಟು ನೆರವಿನಲ್ಲಿ ಸುಮಾರು 40 ಶೇಕಡ ಕಂಪನಿಗಳ ಲಾಭ, ಸಲಹೆಗಾರರ ಸಂಬಳದ ರೂಪದಲ್ಲಿ ಕೊಟ್ಟ ದೇಶಗಳಿಗೇ ಮರಳುತ್ತಿತ್ತು. ಝಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಹೇಳುವ ಎಂಟು ವರ್ಗಗಳಲ್ಲಿ ಅದನ್ನು ವಸೂಲಿ ಮಾಡಿ ಹಂಚುವ ಕೆಲಸದವರೂ ಸೇರಿದ್ದಾರೆ. ಅವರ ಶ್ರಮಕ್ಕೆ ಕೂಲಿ ಉಂಟು. ಆದರೆ ಆ ಕೂಲಿ ಎಂಟರಲ್ಲಿ ಒಂದು ಪಾಲನ್ನು ಮೀರಬಾರದೆಂದು ಶಾಫಿಈ ವಿದ್ವಾಂಸರು ಗೆರೆ ಎಳೆದಿದ್ದಾರೆ. ಡಾಲರಿಗೆ ಅಂಥ ಗೆರೆ ಎಳೆದವರಿರಲಿಲ್ಲ.

ನಮ್ಮ ದೇಶವೇನೂ ಹಿಂದೆ ಬಿದ್ದಿರಲಿಲ್ಲ. 2002ರಲ್ಲಿ ಭಾರತ ಆಫ್ಘಾನಿಸ್ತಾನಕ್ಕೆ 10 ಲಕ್ಷ ಟನ್ ಗೋಧಿ ಕೊಡುತ್ತೇನೆಂದಿತು. ಪಾಕಿಸ್ತಾನ ದಾರಿ ಬಿಡಲಿಲ್ಲ. ಕೊನೆಗೆ ಗೋಧಿಯ ಒಂದು ಭಾಗವನ್ನು ಪೌಷ್ಟಿಕ ಬಿಸ್ಕತ್ತು ಮಾಡಿ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಶಾಲೆಯ ಮಕ್ಕಳಿಗೆ ದಿನಕ್ಕೆ 100 ಗ್ರಾಂನಂತೆ ಹಂಚಲಾಯಿತು. ಒಂದು ಹಂತದಲ್ಲಿ ಅದನ್ನು ತಿನ್ನುತ್ತಿದ್ದ ಮಕ್ಕಳ ಸಂಖ್ಯೆ ಸುಮಾರು 20 ಲಕ್ಷ. ಗೋಧಿಗೆ ಸಿಗದ ವೀಸಾ ಬಿಸ್ಕತ್ತಿಗೆ ಸಿಕ್ಕಿತು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಇಪ್ಪತ್ತು ವರ್ಷಗಳ ನಂತರ, 2022ರ ಫೆಬ್ರವರಿ 22ರಂದು, ಅಟ್ಟಾರಿ ಗಡಿಯಿಂದ ಗೋಧಿಯೇ ಹೊರಟಿತು. ಕೊಡುತ್ತೇನೆಂದದ್ದು 50,000 ಟನ್, ಮೊದಲ ಸಾಗಣೆ 2,500 ಟನ್. ಲಾರಿಗಳು ಆಫ್ಘಾನಿಸ್ತಾನದ್ದು. ಎರಡು ನೆರೆಹೊರೆಯವರು ತಿಂಗಳುಗಟ್ಟಲೆ ಪತ್ರ ವ್ಯವಹಾರ ನಡೆಸಿ ಯಾರ ಲಾರಿ, ಯಾರ ಚಾಲಕ ಎಂದು ತೀರ್ಮಾನ ಮಾಡುವಷ್ಟು ಹೊತ್ತಿಗೆ ಕಾಬೂಲಿನ ಚಳಿಗಾಲ ಮುಗಿಯುತ್ತ ಬಂದಿತ್ತು. ಹಸಿದವನ ಹೊಟ್ಟೆಗೂ ರಾಯಭಾರಿಯ ಕಡತಕ್ಕೂ ಕಾಲಗಣನೆ ಬೇರೆ ಬೇರೆ.

ಸಲ್ಮಾ ಅಣೆಕಟ್ಟಿನ ಮಾತೇ ಬೇರೆ. ಹೆರಾತ್ ಪ್ರಾಂತ್ಯದ ಹರಿರುದ್ ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟುವ ಕನಸು ಆಫ್ಘನ್ನರದೇ, ಹಳೆಯದು. ಯುದ್ಧ ಅದನ್ನು ಅರ್ಧದಲ್ಲೇ ನಿಲ್ಲಿಸಿತ್ತು. ಭಾರತದ ವಾಪ್ಕೋಸ್ ಸಂಸ್ಥೆ ಅದನ್ನು ಕಟ್ಟಿ ಮುಗಿಸಿ, 2016ರ ಜೂನ್ 4ರಂದು ಉದ್ಘಾಟನೆಯಾಯಿತು. 42 ಮೆಗಾವಾಟ್ ವಿದ್ಯುತ್, 75,000 ಹೆಕ್ಟೇರಿಗೆ ನೀರು ಎಂಬುದು ಯೋಜನೆ. ಕನ್ನಂಬಾಡಿಯ ನೀರು ಬರುವ ಮುಂಚೆ ಮಂಡ್ಯ ಹೇಗಿತ್ತು, ಬಂದ ಮೇಲೆ ಹೇಗಾಯಿತು ಎಂಬುದನ್ನು ಅಜ್ಜಂದಿರ ಬಾಯಲ್ಲಿ ಕೇಳಿದವರಿಗೆ ಒಂದು ನಾಲೆ ಏನು ಮಾಡಬಲ್ಲುದೆಂದು ವಿವರಿಸಬೇಕಾಗಿಲ್ಲ. ಅಲ್ಲಿಯವರು ಬಹಳ ಹಿಂದೆಯೇ ಕೇಳಿದ್ದನ್ನು ಇವರು ಕೊಟ್ಟರು. ಆ ಒಂದು ಕಾರಣಕ್ಕೆ ಅದು ನಮಗೆ ಮೆಚ್ಚುಗೆ.

ಇದೆಲ್ಲ ಪರದೇಶದ ಕತೆ, ನಮಗೇನು ಎಂದು ಪುಟ ಮಗುಚಬೇಡಿ. ಯುದ್ಧದಲ್ಲಿ ಹಾಳಾಗಿ ಹೊರಗಿನವರ ಕೈಯಲ್ಲಿ ಮರಳಿ ಕಟ್ಟಿಸಿಕೊಂಡ ನೆಲ ನಮ್ಮದೂ ಹೌದು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟ ಸೈನ್ಯಗಳೆಲ್ಲ ನಮ್ಮ ಈ ಸೀಮೆಯನ್ನು ತುಳಿದೇ ಹೋಗಬೇಕಿತ್ತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬಂದಾಗ ಅದಕ್ಕೆ ಮೇವು, ಕಾಳು ಸಿಗದಿರಲೆಂದು ಟಿಪ್ಪು ಸುಲ್ತಾನರು ದಾರಿಯ ಹಳ್ಳಿಗಳನ್ನೇ ಬರಿದು ಮಾಡಿಸಿದರು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಕಾಳಗವಾಯಿತು. ಒಂದು ಕಾಲಕ್ಕೆ ಹೈದರಾಲಿ ತಮ್ಮ ಮಗನಿಗೆ ಜಾಗೀರಾಗಿ ಕೊಟ್ಟಿದ್ದ ಊರು ಅದು. ಶತ್ರುವಿಗೆ ಉಪಯೋಗಕ್ಕೆ ಬಾರದಿರಲೆಂದು ಅದನ್ನು ಹಾಳುಗೆಡವಿದವರು ಟಿಪ್ಪುವೇ. ನಾವು ಟಿಪ್ಪುವನ್ನು ಪ್ರೀತಿಸುವವರು. ಆದರೂ ಮಳವಳ್ಳಿಯ ರೈತನ ಮನೆಗೆ ಬೆಂಕಿ ಬಿದ್ದಾಗ ಅದು ಯಾರ ಬೆಂಕಿ ಎಂದು ಕೇಳಿ ಅವನು ಸಮಾಧಾನಪಟ್ಟಿರಲಾರ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಆಮೇಲೆ ನಡೆದದ್ದೂ ಒಂದು ಬಗೆಯ ಟೋಕಿಯೋ ಸಭೆಯೇ. ಜನರಲ್ ಹ್ಯಾರಿಸ್, ವೆಲ್ಲೆಸ್ಲಿ ಸೋದರರಿಬ್ಬರು, ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್ ಇದ್ದ ಆಯೋಗ ಮೈಸೂರಿನ ಹಣೆಬರಹ ಬರೆಯಲು ಕೂತಿತು. ಜಾನ್ ಮಾಲ್ಕಂ ಮತ್ತು ಥಾಮಸ್ ಮನ್ರೋ ಅದರ ಕಾರ್ಯದರ್ಶಿಗಳು. ಕಂಪನಿಗೆ ಒಂದು ಪಾಲು, ನಿಜಾಮರಿಗೆ ಒಂದು ಪಾಲು. ಪೇಶ್ವೆಗೂ ಒಂದು ಪಾಲು ಎತ್ತಿಟ್ಟಿದ್ದರು. ಆತ ಷರತ್ತು ಒಪ್ಪದ್ದರಿಂದ ಅದನ್ನೂ ಇವರಿಬ್ಬರೇ ಹಂಚಿಕೊಂಡರು. ಉಳಿದದ್ದಕ್ಕೆ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರು ರಾಜರು. 1799ರ ಜುಲೈ 8ರ ಒಪ್ಪಂದದಂತೆ ಕಂಪನಿಯ ಸೈನ್ಯ ಮೈಸೂರನ್ನು ಕಾಯಬೇಕು, ಕಾಯ್ದದ್ದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕೊಡಬೇಕು. ಆ ಹಣ ಸಲ್ಲುವುದಿಲ್ಲವೆಂಬ ಅನುಮಾನ ಬಂದರೂ ಸಾಕು, ಆಡಳಿತವನ್ನೇ ಕೈಗೆ ತೆಗೆದುಕೊಳ್ಳುವ ಕಲಮು ಅದರಲ್ಲಿತ್ತು. 1831ರಲ್ಲಿ ಆ ಕಲಮನ್ನೇ ಹಿಡಿದು ರಾಜ್ಯವನ್ನು ತೆಗೆದುಕೊಂಡರು. ಹಿಂತಿರುಗಿಸಿದ್ದು ಐವತ್ತು ವರ್ಷಗಳ ನಂತರ, 1881ರಲ್ಲಿ.

ಆದರೂ ಒಂದು ಮಾತನ್ನು ಒಪ್ಪಬೇಕು. ಟಿಪ್ಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರನ್ನೇ ಅವರು ದಿವಾನರಾಗಿ ಉಳಿಸಿಕೊಂಡರು. ಯಾವ ಕೆರೆ ಒಡೆದಿದೆ, ಯಾವ ಕಾಲುವೆಯಲ್ಲಿ ಹೂಳು ತುಂಬಿದೆ, ಯಾವ ಊರಿನ ಶಾನುಭೋಗ ಸುಳ್ಳು ಬರೆಯುತ್ತಾನೆ ಎಂದು ಬಲ್ಲವರು ಪೂರ್ಣಯ್ಯ. 1811ರವರೆಗೆ ಅವರು ಕೆರೆ ಕಾಲುವೆ ರಿಪೇರಿ ಮಾಡಿಸಿದರು, ರಸ್ತೆ ಹಾಕಿಸಿದರು, ಓಡಿಹೋದ ರೈತರು ಹಿಂತಿರುಗಿದರು. 2003ರಲ್ಲಿ ಇರಾಕನ್ನು ಗೆದ್ದವರು ಮಾಡಿದ್ದು ಇದಕ್ಕೆ ತದ್ವಿರುದ್ಧ. ಬಾಥ್ ಪಕ್ಷದ ಮೇಲಿನ ಹಂತದ ಸದಸ್ಯರನ್ನೆಲ್ಲ ಸರ್ಕಾರಿ ಕೆಲಸದಿಂದ ಕಿತ್ತುಹಾಕಿದರು. ಲೆಕ್ಕ ಬಲ್ಲವರು ಬೀದಿಗೆ ಬಿದ್ದರು, ಲೆಕ್ಕ ತಿಳಿಯದವರು ಕುರ್ಚಿಯಲ್ಲಿ ಕೂತರು. ಅದರ ಫಲ ಎಲ್ಲರಿಗೂ ಗೊತ್ತು.

ಬ್ಯಾನರಿನ ಅಭ್ಯಾಸವೂ ನಮ್ಮಿಂದ ಶುರುವಾದದ್ದಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ 1804ರಲ್ಲಿ ಪೂರ್ಣಯ್ಯ ಕಟ್ಟಿಸಿದ ಕಲ್ಲು ಕಂಬಗಳ ಸೇತುವೆ ಇದೆ. ಕಲ್ಲು ಈ ನೆಲದ್ದು, ಕೂಲಿ ಈ ನೆಲದವರದು. ಅದಕ್ಕಿಟ್ಟ ಹೆಸರು ಮಾತ್ರ ಗವರ್ನರ್ ಜನರಲ್ ವೆಲ್ಲೆಸ್ಲಿಯದು! ಮಂಡ್ಯಕ್ಕೆ ಕಬ್ಬು ತಂದುಕೊಟ್ಟ ನಾಲೆಗೂ ಮೊದಲು ವೈಸರಾಯ್ ಇರ್ವಿನ್ ಹೆಸರೇ ಇತ್ತು, ವಿಶ್ವೇಶ್ವರಯ್ಯನವರ ಹೆಸರು ಬಂದದ್ದು ಆಮೇಲೆ.

ನಾವು ಓದಿದ್ದು ಅರ್ಧ ಉರ್ದುವಿನಲ್ಲಿ, ಅರ್ಧ ಕನ್ನಡದಲ್ಲಿ. ಹಾಗಾಗಿ ಎರಡು ಶಬ್ದಗಳು ನಮ್ಮ ತಲೆಯಲ್ಲಿ ಸದಾ ಅಕ್ಕಪಕ್ಕ ಇರುತ್ತವೆ. ಕನ್ನಡದ ‘ಹಂಗು’, ಉರ್ದುವಿನ ‘ಎಹಸಾನ್’. ಅರಬಿಯಲ್ಲಿ ಇಹ್ಸಾನ್ ಎಂದರೆ ಒಳ್ಳೆಯದನ್ನು ಚೆಲುವಾಗಿ ಮಾಡುವುದು. ಆ ಶಬ್ದ ಉರ್ದುವಿಗೆ ಬಂದು, ಮಾಡಿದ ಉಪಕಾರದ ಭಾರ ಎಂಬ ಅರ್ಥ ಪಡೆಯಿತು. ಉಪಕಾರವನ್ನು ಎತ್ತಿ ಆಡುವವರಿಗೆ ‘ಎಹಸಾನ್ ಜತಾನೇವಾಲೇ’ ಎಂದು ನಮ್ಮ ಮನೆಗಳಲ್ಲಿ ಬೈಯುತ್ತಾರೆ. ಕೊಟ್ಟದ್ದನ್ನು ಎತ್ತಿ ಆಡಿ ನೋಯಿಸಿದರೆ ದಾನವೇ ವ್ಯರ್ಥವೆಂದು ಕುರ್‌ಆನ್ ಎಚ್ಚರಿಸುತ್ತದೆ. ಉಳ್ಳವನ ಸಂಪತ್ತಿನಲ್ಲಿ ಇಲ್ಲದವನಿಗೆ ಇರುವುದು ಹಕ್ಕು ಎಂದೂ ಹೇಳುತ್ತದೆ. ಹಕ್ಕೆಂದ ಮೇಲೆ ಕೊಡುವವನು ಸಾಲ ತೀರಿಸುವವನಷ್ಟೆ. ಖಲೀಫಾ ಉಮರ್ ರಾತ್ರಿ ಗಸ್ತು ಹೋದಾಗ ಮಕ್ಕಳನ್ನು ಸಮಾಧಾನ ಮಾಡಲು ಬರಿಯ ನೀರು ಕುದಿಸುತ್ತಿದ್ದ ತಾಯಿಯ ಕತೆ ನಮ್ಮ ಮಕ್ಕಳಿಗೂ ಬಾಯಿಪಾಠ. ಹಿಟ್ಟಿನ ಮೂಟೆಯನ್ನು ತಮ್ಮ ಬೆನ್ನ ಮೇಲೆಯೇ ಹೊತ್ತು ತಂದರೆಂಬುದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮುಂಚೆ ಅವರು ಒಲೆಯ ಬಳಿ ನಿಂತು, ಮಕ್ಕಳೇಕೆ ಅಳುತ್ತಿವೆ ಎಂದು ಕೇಳಿದರು. ಖಲೀಫರನ್ನೇ ದೂರುತ್ತಿದ್ದ ಆಕೆಯ ಉತ್ತರವನ್ನು ಸುಮ್ಮನೆ ನಿಂತು ಕೇಳಿಸಿಕೊಂಡರು. ಆ ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ.

ಇದನ್ನೆಲ್ಲ ಹೇಳಿದಾಗ ಮಳವಳ್ಳಿಯ ನಮ್ಮ ನಿವೃತ್ತ ಮೇಷ್ಟ್ರು ಗೆಳೆಯರು ನಗುತ್ತಾರೆ. ‘ಸಾಹೇಬ್ರೇ, ಲೆಕ್ಕ ಕೇಳದೆ ಕೊಟ್ಟರೆ ಕಳ್ಳರ ಪಾಲು ಕಣ್ರೀ. ಕೊಡೋನಿಗೂ ಮನೆ ಮಠ ಉಂಟು.’ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. 2010ರಲ್ಲಿ ಕಾಬೂಲ್ ಬ್ಯಾಂಕ್ ಕುಸಿದುಬಿದ್ದಾಗ ಸುಮಾರು 90 ಕೋಟಿ ಡಾಲರ್ ಮಾಯವಾಗಿತ್ತು. ನುಂಗಿದವರು ಹೊರಗಿನವರಲ್ಲ, ಅಧಿಕಾರದ ಹತ್ತಿರವಿದ್ದ ಆಫ್ಘನ್ನರೇ. ಜಪಾನಿನ ರೈತ, ಜರ್ಮನಿಯ ಕಾರ್ಮಿಕ ಕೊಟ್ಟ ತೆರಿಗೆಗೆ ಲೆಕ್ಕ ಕೇಳುವುದು ತಪ್ಪೆಂದು ನಾವು ಹೇಗೆ ಹೇಳುವುದು? ನಮ್ಮ ಲಾರಿಯ ಅಕ್ಕಿ ಮೂಟೆಗಳಲ್ಲಿ ಎರಡು ಎಲ್ಲಿ ಹೋದವೆಂದು ನಾವೂ ತಿಂಗಳುಗಟ್ಟಲೆ ಕೇಳಿದವರೇ.

ಲೆಕ್ಕವನ್ನು ಯಾರ ಮುಂದೆ ಇಡಬೇಕು ಎಂಬುದಷ್ಟೇ ನಮ್ಮ ತಕರಾರು. 2003ರಲ್ಲಿ ಆಫ್ಘಾನಿಸ್ತಾನದಲ್ಲಿ ರಾಷ್ಟ್ರೀಯ ಐಕಮತ್ಯ ಕಾರ್ಯಕ್ರಮ ಎಂಬುದು ಶುರುವಾಯಿತು. ಹಣ ಹೊರಗಿನದು, ನಡೆಸುವುದು ಆಫ್ಘನ್ ಸರ್ಕಾರ. ಹಳ್ಳಿಯವರು ತಮ್ಮ ಪರಿಷತ್ತನ್ನು ತಾವೇ ಚುನಾಯಿಸಿ, ಬಾವಿಯೋ ರಸ್ತೆಯೋ ಶಾಲೆಯೋ ಎಂದು ಕೂತು ತೀರ್ಮಾನಿಸಬೇಕು. ಹೆಂಗಸರಿಗೂ ಅದರಲ್ಲಿ ಪಾಲಿರಬೇಕು. ಖರ್ಚಿನ ಲೆಕ್ಕವನ್ನು ಊರವರ ಮುಂದೆಯೇ ಇಡಬೇಕು. ಎಲ್ಲ ಹಳ್ಳಿಗಳಲ್ಲೂ ಚೊಕ್ಕವಾಗಿ ನಡೆಯಿತೆಂದಲ್ಲ. ಬಂದೂಕು ಇದ್ದವನ ಮಾತು ಸಭೆಯಲ್ಲಿ ಸ್ವಲ್ಪ ಗಟ್ಟಿಯಾಗಿ ಕೇಳುವುದು ಎಲ್ಲ ಕಡೆಯೂ ಉಂಟು, ನಮ್ಮ ಗ್ರಾಮಸಭೆಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಆದರೂ ಕದ್ದವನು ಯಾರೆಂದು ಜಿನೀವಾದ ಲೆಕ್ಕಪರಿಶೋಧಕನಿಗಿಂತ ಬಾವಿಯ ನೀರು ಬಾರದ ಹೆಂಗಸಿಗೆ ಬೇಗ ತಿಳಿಯುತ್ತದೆ.

ಮೇಷ್ಟ್ರು ಅಷ್ಟಕ್ಕೆ ಬಿಡುವವರಲ್ಲ. ‘ಪಡೆಯೋರನ್ನೇ ಕೇಳಬೇಕು ಅಂತೀರಿ. ಬಾಗಿಲಲ್ಲಿ ಒಬ್ಬ ದೊಣ್ಣೆ ಹಿಡಿದು ನಿಂತು, ಈ ಮನೆಯವರ ಪರವಾಗಿ ನಾನೇ ಮಾತಾಡ್ತೀನಿ ಅಂದ್ರೆ?’ 2021ರ ಆಗಸ್ಟ್ 15ರ ನಂತರ ಇಡೀ ಜಗತ್ತು ಈ ಪ್ರಶ್ನೆಯ ಮುಂದೆಯೇ ನಿಂತಿದೆ. ಆಫ್ಘನ್ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರ್ ಹಣವನ್ನು ಅಮೆರಿಕ ತಡೆಹಿಡಿಯಿತು. ಅದರಲ್ಲಿ 350 ಕೋಟಿಯನ್ನು 2022ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ನಿಧಿಗೆ ಸಾಗಿಸಿದರು. ಅದು ದಾನದ ಹಣವಲ್ಲ, ಆ ದೇಶದ್ದೇ ಹಣ. ಹಸಿದವರ ಹಣವನ್ನು ಹಸಿದವರ ಹೆಸರಿನಲ್ಲೇ ತಡೆಯುವುದನ್ನು ನಾವು ನ್ಯಾಯವೆನ್ನಲಾರೆವು. ಆದರೆ ಕಾಬೂಲಿನ ಹೊಸ ಆಡಳಿತಗಾರರು ಮಾಡಿದ್ದನ್ನೂ ನಾವು ಧರ್ಮದ ಹೆಸರು ಕೇಳಿ ಸುಮ್ಮನೆ ನುಂಗಲಾರೆವು. 2021ರಲ್ಲೇ ಪ್ರಾಥಮಿಕ ಹಂತ ದಾಟಿದ ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿದರು. 2022ರ ಡಿಸೆಂಬರ್ 24ರಂದು ನೆರವು ಸಂಸ್ಥೆಗಳಲ್ಲಿ ಹೆಂಗಸರು ಕೆಲಸ ಮಾಡಕೂಡದೆಂದು ಆಜ್ಞೆ ಮಾಡಿದರು, 2023ರ ಏಪ್ರಿಲ್‌ನಲ್ಲಿ ಅದನ್ನು ವಿಶ್ವಸಂಸ್ಥೆಯ ಕಚೇರಿಗಳಿಗೂ ಹಬ್ಬಿಸಿದರು.

ಈ ಎರಡನೆಯ ಆಜ್ಞೆಯ ಪೆಟ್ಟು ಕೆಲಸ ಕಳೆದುಕೊಂಡ ಹೆಂಗಸರಿಗಷ್ಟೇ ಬಿದ್ದದ್ದಲ್ಲ. ಪರ್ದಾ ಇರುವ ಮನೆಯೊಳಗೆ ಪರಪುರುಷ ಹೋಗುವಂತಿಲ್ಲ. ಗಂಡ ಸತ್ತ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಹಿಟ್ಟು ಇದೆಯೇ, ಬಾಣಂತಿಗೆ ರಕ್ತಸ್ರಾವ ನಿಂತಿದೆಯೇ ಎಂದು ಕೇಳಲು ಹೆಂಗಸೇ ಹೋಗಬೇಕು. ಅವಳನ್ನೇ ತಡೆದ ಮೇಲೆ ಲಾರಿ ಊರಿಗೆ ಬರಬಹುದು, ಮೂಟೆ ಇಳಿಯಬಹುದು. ಒಳಗಿನವರನ್ನು ಕೇಳುವವರಿಲ್ಲ. ಹಿಂದೆ ಲಂಡನ್ನು, ಟೋಕಿಯೋಗಳಲ್ಲಿ ಕೂತವರು ಆ ಮನೆಯವರನ್ನು ಕೇಳಲಿಲ್ಲ. ಈಗ ಕಾಬೂಲಿನಲ್ಲಿ ಕೂತವರು ಕೇಳಲು ಬಿಡುತ್ತಿಲ್ಲ.

ಕುಶಾಲನಗರದ ಆ ಮಧ್ಯಾಹ್ನ ನಾವು ಗಂಡಸರು ಹನ್ನೊಂದು ಮಂದಿ ಹೋಗಿದ್ದೆವು. ಶಿಬಿರದ ಮುಂದಾಳು ಗಂಡಸರೇ ನಮ್ಮೊಂದಿಗೆ ಮಾತಾಡಿದರು. ಅಕ್ಕಿ, ಬಟ್ಟೆ ಬಂದದ್ದು ಬಹಳ ಉಪಕಾರವಾಯಿತೆಂದು ಕೈಮುಗಿದರು. ನಮ್ಮ ಮನೆಯವರು ಲಾರಿಯಲ್ಲಿ ಜಾಗವಿಲ್ಲವೆಂದರೂ ಕೇಳದೆ ಹಟ ಮಾಡಿ ಬಂದವರು. ಅವರು ಒಳಗೆ ಹೋಗದಿದ್ದರೆ ಆ ಮುದುಕಿಯ ಕಾಗದ ಪತ್ರದ ಸುದ್ದಿ ನಮಗೆ ತಿಳಿಯುತ್ತಲೇ ಇರಲಿಲ್ಲ. ಮುಂದಿನ ತಿಂಗಳು ಮದ್ದೂರಿನ ಒಬ್ಬ ನಿವೃತ್ತ ಗುಮಾಸ್ತರನ್ನು ಕರೆದುಕೊಂಡು ಇಬ್ಬರೂ ಬಸ್ಸಿನಲ್ಲಿ ಹೋದರು. ಮೂರು ದಿನ ಅಲ್ಲೇ ಉಳಿದು ಅರ್ಜಿ ಬರೆದುಕೊಟ್ಟರು. ನಮ್ಮ ಮನೆಯವರು ಮೊದಲ ದಿನ ಬರೆದುಕೊಂಡು ಬಂದ ಪಟ್ಟಿ ಇನ್ನೂ ನಮ್ಮ ಮೇಜಿನ ಡ್ರಾಯರಿನಲ್ಲಿದೆ. ಅದರಲ್ಲಿ ಒಂದು ರೇಷನ್ ಕಾರ್ಡು, ಎರಡು ಆಧಾರ್, ಒಂದು ಜೊತೆ ಕನ್ನಡಕ ಮತ್ತು ಸೊಸೆಯ ಬಾಣಂತನಕ್ಕೆ ಬೇಕಾದದ್ದು ಎಂದು ಬರೆದಿದೆ. ಸೀರೆ ಎಂಬ ಶಬ್ದ ಎಲ್ಲೂ ಇಲ್ಲ.